ತಳದ ನೀರು ಬಿಸಿಯಿದ್ದ ಮಳೆಗಾಲ

ಮೊನ್ನೆ ಪರಿಚಿತರೊಬ್ಬರ ಮದುವೆಗೆಂದು ಮುಂಬಯಿಯ ಉತ್ತರಕ್ಕೆ ಹೋಗುವ ಲೋಕಲ್‌ನಲ್ಲಿದ್ದೆ. ಖಾಡಿಯ ಸೇತುವೆಯ ಮೇಲೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಖಾಡಿ ಎಂದರೆ ಇಲ್ಲಿಯವರ ಮಾತಿನಲ್ಲಿ ಕಡಲು ಒಳಗೆ ನುಗ್ಗಿ ಬಂದ ಅಳಿವೆ. ಇಳಿತದ ಹೊತ್ತು, ಸಣ್ಣಗೆ ಮಳೆ. ಬಾಗಿಲಿನಿಂದ ಕೆಸರಿನ ವಾಸನೆ ಒಳಗೆ ಬಂತು. ಉಪ್ಪು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಕೊಳೆತ ಎಲೆ, ಒಡೆದ ಚಿಪ್ಪು. ಎದುರಿಗೆ ನಿಂತಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ಒಂದು ಮಳೆಗಾಲವಿಡೀ ಈ ವಾಸನೆ ನನ್ನ ಅಂಗಿಗಳಿಗೆ ಹತ್ತಿತ್ತು. ಹೆಂಡತಿ ಅವುಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು.

ಅದು ಈ ಖಾಡಿಯಲ್ಲ, ಇನ್ನೊಂದು. ಅದರ ಹೆಸರನ್ನು ನಾನು ಬರೆಯುವುದಿಲ್ಲ. ಪಕ್ಕದ ಅಣು ವಿದ್ಯುತ್ ಸ್ಥಾವರದ ಹೆಸರನ್ನೂ ಬರೆಯುವುದಿಲ್ಲ. ಅದಕ್ಕೆ ಕಾರಣವಿದೆ.

ಆಗ ನಾನು ಅಂಧೇರಿಯಲ್ಲಿ ಕಚೇರಿಯಿದ್ದ ಒಂದು ಸಣ್ಣ ಕನ್ನಡ ದಿನಪತ್ರಿಕೆಯ ವರದಿಗಾರ. ವಿಜಯಪುರದ ಕಡೆಯವನು. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ. ಓದುಗರಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲು ಹಾಕಿದವರು. ಪತ್ರಿಕೆಗೆ ಒಂದು ಪದ್ಧತಿಯಿತ್ತು. ಈ ಊರಲ್ಲಿ ಕನ್ನಡಿಗರೊಬ್ಬರಿಗೆ ಎಲ್ಲಿ ಒಂದು ಕುರ್ಚಿ ಸಿಕ್ಕಿದರೂ ಅವರ ಫೋಟೊ, ಹುಟ್ಟೂರು, ಮನೆತನ, ಎರಡು ಕಾಲಂ ಬರಹ. ಸಂಪಾದಕ ಹೆಬ್ಬಾರರು ಅದನ್ನು ‘ನಮ್ಮವರು’ ಎಂದು ಕರೆಯುತ್ತಿದ್ದರು. ಕಾರ್ಪೊರೇಟರ್ ಆಗಲಿ, ಕುಸ್ತಿ ಪೈಲ್ವಾನನಾಗಲಿ, ಎಲ್ಲರೂ ನಮ್ಮವರೇ.

ಜೂನ್‌ನ ಮೊದಲ ಮಳೆ ಬಿದ್ದು ರಸ್ತೆಗಳು ತುಂಬಿದ್ದ ದಿನ ಹೆಬ್ಬಾರರು ಕರೆದರು.

“ರಿಯಾಜ್, ಆಂಟಾಪ್ ಹಿಲ್‌ಗೆ ಹೋಗಿ ಬಾ ಮಾರಾಯ. ಡಾಕ್ಟರ್ ವಿಮಲಾ ಅಂತ, ಮಲ್ಪೆಯವರು. ಅಣು ಸ್ಥಾವರದ ಎಂತದೋ ಕಮಿಟಿಗೆ ತೆಗೊಂಡಿದ್ದಾರೆ. ಮದ್ದಿನ ಡಾಕ್ಟರ್ ಅಲ್ಲ, ಮೀನಿನ ಡಾಕ್ಟರ್.”

ವಿಮಲಕ್ಕ ಕಡಲಜೀವಿಗಳ ಸಂಶೋಧನೆಯಲ್ಲಿ ನಿವೃತ್ತರಾದವರು. ಒಂಟಿಯಾಗಿ ಒಂದು ಹಳೆಯ ಬಿಲ್ಡಿಂಗಿನ ಕೆಳಮಹಡಿಯಲ್ಲಿದ್ದರು. ಮಳೆನೀರು ಒಳಗೆ ಬರಬಾರದೆಂದು ಬಾಗಿಲಿಗೆ ಅಡ್ಡಲಾಗಿ ಮರಳಿನ ಚೀಲ ಇಟ್ಟಿದ್ದರು. ಅದನ್ನು ದಾಟಿ ಒಳಗೆ ಹೋದವನಿಗೆ ಮೊದಲೇ ಹೇಳಿಬಿಟ್ಟರು.

“ಕಮಿಟಿ ವಿಷಯ ಬಿಟ್ಟು ಬೇರೆ ಎಂತ ಬೇಕಾದ್ರೂ ಕೇಳಿ. ತೀರ್ಮಾನ ಆಗುವವರೆಗೆ ನನಗೆ ಬಾಯಿ ಇಲ್ಲ.”

“ಹಂಗಂದ್ರ ನಾ ಏನ್ ಬರೀಲ್ರೀ ಅಕ್ಕಾ?”

“ಮರುವಾಯಿ ಸುಕ್ಕ ಮಾಡುದು ಹೇಗೆ ಅಂತ ಬರೀರಿ. ನಿಮ್ಮ ಪೇಪರಲ್ಲಿ ಜನ ಅದನ್ನೇ ಓದುದು.”

ಸ್ಥಾವರದವರ ಪರಿಸರ ವರದಿಯ ಸಾರಾಂಶ ಸರ್ಕಾರಿ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತಿತ್ತು. ಅದನ್ನು ಓದಿಕೊಂಡೇ ಹೋಗಿದ್ದೆ. ವಿಷಯ ಇಷ್ಟು: ಸ್ಥಾವರದ ಉಗಿಯನ್ನು ತಣಿಸಲು ಕಡಲನೀರನ್ನು ಎಳೆದು ಬಿಡುವ ಪಂಪುಗಳು ಹಳೆಯವಾಗಿದ್ದವು. ಅವುಗಳನ್ನು ಕಳಚಿ ದೊಡ್ಡ ಪಂಪುಗಳನ್ನು ಕೂರಿಸಬೇಕು, ಅದಕ್ಕೆ ಈ ಸಮಿತಿಯ ಒಪ್ಪಿಗೆ ಬೇಕು. ಆಮೇಲೆ ಹೊರಗೆ ಬರುವ ನೀರು ಮೊದಲಿಗಿಂತ ಕಡಿಮೆ ಬಿಸಿ, ಆದರೆ ಪ್ರಮಾಣದಲ್ಲಿ ಮೊದಲಿಗಿಂತ ಹೆಚ್ಚು. ಆ ನೀರಿನಲ್ಲಿ ವಿಕಿರಣದ ಪ್ರಶ್ನೆ ಇರಲಿಲ್ಲ. ರಿಯಾಕ್ಟರಿನ ಒಳಗಿನ ನೀರಿಗೂ ಅದಕ್ಕೂ ನಡುವೆ ಲೋಹದ ಗೋಡೆಗಳಿದ್ದವು. ಪ್ರಶ್ನೆ ಬರೀ ಬಿಸಿಯದು. ಇಷ್ಟೊಂದು ಬೆಚ್ಚಗಿನ ನೀರು ಖಾಡಿಯ ಬಾಯಿಗೆ ತಲುಪಿದರೆ ಅಲ್ಲಿಯ ಜೀವಿಗಳಿಗೆ ಏನಾಗುತ್ತದೆ? ಬಿಸಿನೀರು ಮೇಲೆ ತೇಲಿ, ಗಾಳಿಗೆ ತಣಿದು, ಕಡಲಿಗೆ ಸೇರಿಹೋಗುತ್ತದೆ ಎಂದು ವರದಿ ಹೇಳುತ್ತಿತ್ತು. ತಳದ ಕೆಸರಿನಲ್ಲಿರುವ ಚಿಪ್ಪುಜೀವಿಗಳಿಗೆ ಏನೂ ಆಗದು.

“ನೀವು ಓದಿದ್ದೀರಲ್ಲ,” ಎಂದರು ವಿಮಲಕ್ಕ, “ಅದರಲ್ಲಿ ಮಳೆಗಾಲ ಎಲ್ಲುಂಟು?”

ಇರಲಿಲ್ಲ. ಚಳಿಗಾಲದ ಅಳತೆಯಿತ್ತು, ಬೇಸಗೆಯದ್ದಿತ್ತು, ಮಳೆ ಮುಗಿದ ಮೇಲಿನದ್ದಿತ್ತು. ಮಳೆಗಾಲ ಬಿಟ್ಟು ಅಳೆಯುವುದು ಈ ಕೆಲಸದವರ ರೂಢಿ ಎಂದು ಆಮೇಲೆ ವಿಚಾರಿಸಿದಾಗ ತಿಳಿಯಿತು. ಆ ತಿಂಗಳುಗಳಲ್ಲಿ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಲೆ ದೊಡ್ಡದು, ಸಿಬ್ಬಂದಿಗೆ ಅಪಾಯ. ಯಾರೂ ಮೋಸ ಮಾಡಿರಲಿಲ್ಲ. ಬೇರೆ ಯಾರೂ ಮಾಡದ್ದನ್ನು ಅವರೂ ಮಾಡಿರಲಿಲ್ಲ, ಅಷ್ಟೆ.

ವಿಮಲಕ್ಕ ಎದ್ದು ಒಳಗೆ ಹೋಗಿ ಗಾಜಿನ ಲೋಟದಲ್ಲಿ ತಣ್ಣೀರು ತಂದರು. ಇನ್ನೊಂದು ಕೈಯಲ್ಲಿ ಪುನರ್ಪುಳಿ ಹಣ್ಣಿನ ಕೆಂಪು ನೀರು. ಅದಕ್ಕೆ ಉಪ್ಪು ಕದಡಿ ಬೆಚ್ಚಗೆ ಮಾಡಿದ್ದರು. ಚಮಚದ ಬೆನ್ನಿಗೆ ತಾಗಿಸಿ ನಿಧಾನವಾಗಿ ಹೊಯ್ದರು. ಕೆಂಪು ನೀರು ಮೇಲೆ ನಿಲ್ಲಲಿಲ್ಲ. ಗಾಜಿನ ಬದಿಗುಂಟ ಇಳಿದು ತಳದಲ್ಲಿ ಹಾಸಿಕೊಂಡಿತು.

“ಬಿಸಿ ಆದ್ರೂ ಕೆಳಗೆ ಹೋಯ್ತಲ್ರೀ,” ಎಂದೆ.

“ಉಪ್ಪು ಭಾರ ಅಲ್ವಾ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಖಾಡಿಯ ಮೇಲಿಂದ ಬರ್ತದೆ, ಕಡಲಿನ ಉಪ್ಪುನೀರು ಬಿಸಿ ಇದ್ರೂ ಅದರ ಅಡಿಗೆ ಹೋಗ್ತದೆ. ಇದು ಕಮಿಟಿ ವಿಷಯ ಅಲ್ಲ, ಶಾಲೆಯ ಪಾಠ. ಇದನ್ನು ಬರೆದ್ರೆ ನನ್ನ ಆಕ್ಷೇಪ ಇಲ್ಲ.”

ಕಚೇರಿಗೆ ಬಂದು ‘ನಮ್ಮವರು’ ಬರೆದೆ. ಲೋಟದ ವಿಷಯ ಹಾಕಲಿಲ್ಲ. ಕಣ್ಣಾರೆ ನೋಡದ ಖಾಡಿಯ ಬಗ್ಗೆ ಒಂದು ಲೋಟ ನೋಡಿ ಬರೆಯುವಂತಿರಲಿಲ್ಲ.

ಮುಂದಿನ ವಾರ ಖಾಡಿಗೆ ಹೋದೆ. ಸ್ಟೇಷನ್‌ನಿಂದ ಶೇರ್ ಆಟೊ, ಆಮೇಲೆ ಕಾಂಡ್ಲಾ ಗಿಡಗಳ ನಡುವೆ ನಡಿಗೆ. ದೂರದಲ್ಲಿ ಸ್ಥಾವರದ ಗುಮ್ಮಟ ಮಳೆಯ ಹಿಂದೆ ಬೂದಿಬಣ್ಣಕ್ಕೆ ಕಾಣುತ್ತಿತ್ತು. ಇಳಿತದ ನೀರಿನಲ್ಲಿ ಸೊಂಟದವರೆಗೆ ಇಳಿದ ಕೋಳಿ ಎಂಬ ಮೀನುಗಾರ ಸಮಾಜದ ಹೆಂಗಸರು ಕಾಲಿನಿಂದ ಕೆಸರು ತಡಕಿ, ಬಗ್ಗಿ, ಚಿಪ್ಪು ಎತ್ತುತ್ತಿದ್ದರು. ನಮ್ಮ ಕರಾವಳಿಯವರ ಮರುವಾಯಿ, ಅವರ ತಿಸ್ರ್ಯಾ. ದೋಣಿಗಳು ದಡದಲ್ಲಿ ಮಗುಚಿ ಬಿದ್ದಿರುವ ಈ ತಿಂಗಳುಗಳಲ್ಲಿ ತಾಜಾ ಮೀನು ಇರುವುದಿಲ್ಲ. ಆದ್ದರಿಂದ ಅವರ ವ್ಯಾಪಾರ ಕುದುರುವುದು ಮಳೆಗಾಲದಲ್ಲೇ. ಯಾರೂ ಅಳೆಯದ ಕಾಲವೇ ಅವರು ಬದುಕುವ ಕಾಲ ಎಂಬುದು ನನಗೆ ಆ ದಡದಲ್ಲಿ ಹೊಳೆಯಿತು.

ಸುಮನ್ ಮಾವ್ಶಿಯ ಪರಿಚಯವಾದದ್ದು ಅಲ್ಲೇ. ಮಾವ್ಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ನಲವತ್ತು ದಾಟಿದ ಹೆಂಗಸು. ಬೆಳಗ್ಗೆ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಬುಟ್ಟಿ ಇಟ್ಟುಕೊಂಡು ಅಂಧೇರಿಯ ಮಾರ್ಕೆಟ್ಟಿಗೆ ಬರುತ್ತಿದ್ದವಳು. ಅವಳಾಡಿದ್ದು ಮರಾಠಿ, ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಕಂಪನಿಯವನಾ?”

“ಅಲ್ಲ ಮಾವ್ಶಿ, ಪೇಪರ್‌ನವನು.”

“ಅದು ಇನ್ನೂ ಕೆಟ್ಟದ್ದು.”

ನೀರು ಬೆಚ್ಚಗಾಗಿದೆಯೇ ಎಂದು ಕೇಳಿದೆ.

“ನನಗೇನು ಗೊತ್ತು ದಾದಾ? ದಿನವಿಡೀ ನೀರಲ್ಲಿ ನಿಂತವಳಿಗೆ ಚಳಿ ಒಂದೇ ಗೊತ್ತು.”

“ಚಿಪ್ಪು ಕಡಿಮೆ ಆಗಿದೆ ಅಂತಾರಲ್ಲ?”

“ಒಂದು ವರ್ಷ ಇರುತ್ತೆ, ಒಂದು ವರ್ಷ ಇರಲ್ಲ. ನಮ್ಮ ಜಾವು ರಸ್ತೆ ಕೆಲಸದ ಮಣ್ಣು ಅಂತಾಳೆ. ನನ್ನ ಗಂಡ ದೇವರು ಅಂತಾನೆ. ನೀನು ಏನು ಹೇಳಬೇಕು ಅಂತ ಬಂದಿದ್ದಿ?” ಜಾವು ಎಂದರೆ ಓರಗಿತ್ತಿ.

ಬಿಸಿನೀರಿನ ವಿಷಯ ತಿಳಿಸಿದೆ. ಅವಳು ಬುಟ್ಟಿಯನ್ನು ಕಲ್ಲಿನ ಮೇಲಿಟ್ಟು ನನ್ನ ಕಡೆ ತಿರುಗಿದಳು.

“ಕೇಳು. ಬಿಸಿ ಬಂದರೆ ಚಿಪ್ಪು ಸಾಯಬಹುದು, ಇರಲೂಬಹುದು. ಆದರೆ ನನ್ನ ಬುಟ್ಟಿಯ ಮುಂದೆ ಬಗ್ಗಿದ ಗಿರಾಕಿಯ ಕಿವಿಗೆ ಅಣು ಅಂತ ಒಂದು ಶಬ್ದ ಬಿದ್ದರೆ ನಾನು ಅವತ್ತೇ ಸತ್ತೆ.”

“ನಾನು ವಿಕಿರಣ ಅಂತ ಬರೆಯೋದಿಲ್ಲ. ಬಿಸಿ ಅಂತ ಬರೆಯುತ್ತೇನೆ. ಎರಡೂ ಬೇರೆ.”

“ಬರೆಯೋನಿಗೆ ಬೇರೆ. ಓದೋನಿಗೆ ಒಂದೇ.”

ಹಿಂತಿರುಗುವ ಲೋಕಲ್‌ನಲ್ಲಿ ಆ ಮಾತನ್ನು ಬರೆದುಕೊಂಡೆ. ಒಂದು ಮಾತ್ರ ಸ್ಪಷ್ಟವಿತ್ತು. ಮಳೆಗಾಲದಲ್ಲಿ ತಳದ ನೀರನ್ನು ಅಳೆಯಿರಿ ಎಂದು ಕೇಳುವವರು ಆ ಸಮಿತಿಯಲ್ಲಿ ವಿಮಲಕ್ಕ ಒಬ್ಬರೇ ಇದ್ದರು. ಅವರು ಕೇಳದಿದ್ದರೆ ಮಳೆ ಮುಗಿಯುವುದರೊಳಗೆ ಒಪ್ಪಿಗೆ ಸಿಗುತ್ತಿತ್ತು.

ಅಷ್ಟರಲ್ಲಿ ನಮ್ಮವರು ನಮ್ಮವರಿಗೇ ಅಡ್ಡ ಬಂದರು.

ಉಪನಗರದ ಒಂದು ಕನ್ನಡ ಸಂಘ ವಿಮಲಕ್ಕನನ್ನು ಸನ್ಮಾನಿಸಲು ನಿಶ್ಚಯಿಸಿತು. ನನ್ನ ಬರಹವೇ ಅದಕ್ಕೆ ಕಾರಣ. ಅಧ್ಯಕ್ಷ ಜಯಕರಣ್ಣ ಹೋಟೆಲು ಉದ್ಯಮಿ, ಒಳ್ಳೆಯ ಮನಸ್ಸಿನವರು. ಬಾಂದ್ರಾದಲ್ಲಿ ಹಾಲ್. ಊರಿನಿಂದ ಬರಬೇಕಿದ್ದ ಮುಖ್ಯ ಅತಿಥಿಯ ವಿಮಾನ ಮಳೆಗೆ ರದ್ದಾಯಿತು. ಜಯಕರಣ್ಣ ಬೆಳಗ್ಗೆ ಬೆಳಗ್ಗೆಯೇ ಫೋನ್ ಹಚ್ಚಿ, ಮುಂಬಯಿಯ ಮನೆಗೆ ಬಂದಿದ್ದ ಇನ್ನೊಬ್ಬ ದೊಡ್ಡ ಕನ್ನಡಿಗರನ್ನು ಹಿಡಿದು ತಂದರು. ಅವರು ದೇಸಾಯಿ. ಧಾರವಾಡದವರು, ಅದೇ ಸ್ಥಾವರದಲ್ಲಿ ಪಂಪು ಬದಲಿಸುವ ಯೋಜನೆಯ ಮುಖ್ಯ ಎಂಜಿನಿಯರ್.

ದೇಸಾಯಿಯವರಿಗೆ ಸನ್ಮಾನ ಯಾರಿಗೆಂದು ಗೊತ್ತಿರಲಿಲ್ಲ. ವಿಮಲಕ್ಕನಿಗೆ ಅತಿಥಿ ಬದಲಾದದ್ದು ಗೊತ್ತಿರಲಿಲ್ಲ. ಇಬ್ಬರೂ ಅಲ್ಲಿಯವರೆಗೆ ಒಬ್ಬರನ್ನೊಬ್ಬರು ನೋಡಿರಲಿಲ್ಲ, ಕಾಗದಗಳಲ್ಲಿ ಹೆಸರು ಮಾತ್ರ. ನಾನು ಮೂರನೆಯ ಸಾಲಿನಲ್ಲಿದ್ದೆ. ಮಳೆಯಿಂದ ತಡವಾಗಿ ಬಂದ ವಿಮಲಕ್ಕನನ್ನು ನೇರವಾಗಿ ವೇದಿಕೆಗೆ ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದರು. ನಿರೂಪಕಿ ಅತಿಥಿಯ ಹೆಸರನ್ನೂ ಹುದ್ದೆಯನ್ನೂ ಒಂದೇ ಉಸಿರಿಗೆ ಓದುತ್ತಿದ್ದಂತೆ ದೇಸಾಯಿ ಶಾಲು ಬಿಡಿಸಿ ಅವರ ಹೆಗಲಿಗೆ ತಂದಿದ್ದರು. ಸಂಘದ ಫೋಟೊಗ್ರಾಫರನ ಫ್ಲ್ಯಾಶ್ ಹೊಳೆಯಿತು. ಶಾಲು ಹೆಗಲಿಗೆ ತಾಗಿದೆ, ವಿಮಲಕ್ಕ ಎಲ್ಲರೂ ನಗುವಂತೆ ನಗುತ್ತಿದ್ದಾರೆ. ಹುದ್ದೆಯ ಹೆಸರು ಅವರ ಕಿವಿಗೆ ಬಿದ್ದದ್ದು ಅದರ ಮರುಕ್ಷಣ.

ಅವರು ಎದ್ದು ನಿಂತರು. ಶಾಲನ್ನು ಹೆಗಲಿನಿಂದ ತೆಗೆದು ಎರಡೂ ಕೈಯಲ್ಲಿ ದೇಸಾಯಿಯವರಿಗೆ ವಾಪಸು ಕೊಟ್ಟರು. ಮೈಕ್ ಹತ್ತಿರವೇ ಇತ್ತು.

“ಕ್ಷಮಿಸಬೇಕು. ಇವರ ಯಂತ್ರದ ಬಗ್ಗೆ ನಾನು ಅಭಿಪ್ರಾಯ ಕೊಡಬೇಕಾಗಿ ಉಂಟು. ಅದು ಮುಗಿಯುವವರೆಗೆ ಇವರ ಕೈಯ ಶಾಲು ನನಗೆ ಆಗುದಿಲ್ಲ.”

ಹಿಂದಿನ ಸಾಲಿನಲ್ಲಿ ಯಾರೋ ತುಳುವಿನಲ್ಲಿ ಏನೋ ಗೊಣಗಿದರು. ಜಯಕರಣ್ಣ ನಡುವೆ ಬಂದರು.

“ಅಕ್ಕ, ಎಂತ ನೀವು. ಇಬ್ರೂ ನಮ್ಮವರೇ ಅಲ್ವಾ. ಶಾಲಲ್ಲಿ ಎಂತ ಉಂಟು?”

“ಶಾಲಲ್ಲಿ ಎಂತ ಇಲ್ಲ ಜಯಕರಣ್ಣ. ಕೈಯಲ್ಲಿ ಉಂಟು.”

ದೇಸಾಯಿ ಶಾಲನ್ನು ಮೊದಲಿದ್ದ ಮಡಿಕೆಗೇ ಮಡಚಿ ಮೇಜಿನ ಮೇಲಿಟ್ಟು, ಕೆಳಗಿಳಿದು ಬಂದು ನನ್ನ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತರು. ನಾನು ಪತ್ರಕರ್ತ ಎಂದು ಹೇಳಿದೆ. ಹೇಳದೆ ಮಾತಿಗೆ ಎಳೆಯುವುದು ಸರಿಯಲ್ಲ.

“ಬರಕೋರಿ ಬೇಕಾದ್ರ,” ಎಂದರು. “ಇಷ್ಟ ಮಂದಿ ಮುಂದ ಮಾನ ಹೋತು. ಆದ್ರ ಆ ಅಕ್ಕಾರು ಹೇಳಿದ್ದು ಖರೇ ಅದ. ನನಗ ಅದಲ್ಲ ಚಿಂತಿ. ಹಳೇ ಪಂಪು ದಿನಾ ಒಂದೊಂದು ಸಪ್ಪಳಾ ಮಾಡ್ತಾವ. ಎಷ್ಟ ದಿನಾ ತೇಪಿ ಹಚ್ಚೂದ್ರೀ? ತಡಾ ಮಾಡೂದೂ ಪುಣ್ಯದ ಕೆಲಸ ಅಲ್ಲ.”

ಅದೂ ನಿಜವಿತ್ತು. ಆ ಮಳೆಗಾಲದ ಬಿಗುವು ಇದ್ದದ್ದು ಅಲ್ಲೇ. ಒಂದು ಕಡೆ ಕಳ್ಳರು, ಒಂದು ಕಡೆ ಸತ್ಯವಂತರು ಇದ್ದಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಸಂಜೆ ವರದಿ ಬರೆದು ಕೊಟ್ಟೆ. ವಿಮಲಕ್ಕನ ಮಾತನ್ನು ಇದ್ದಂತೆ ಹಾಕಿದ್ದೆ. ಹೆಬ್ಬಾರರು ಕನ್ನಡಕ ಮೇಲೆತ್ತಿ ಓದಿದರು.

“ಸಂಘದವರ ಮುಖ ಎಲ್ಲಿ ಇಡ್ಬೇಕು ಮಾರಾಯ? ಜಯಕರಣ್ಣ ಪಾಪದ ಮನುಷ್ಯ. ಫೋಟೊ ಬೇಡ, ಈ ಮಾತೂ ಬೇಡ. ಕಾರ್ಯಕ್ರಮ ನಡೆಯಿತು, ಭೋಜನ ಇತ್ತು, ಸಾಕು.”

“ಫೋಟೊ ಅವರ ವಾಟ್ಸಾಪ್ ಗ್ರೂಪಿನ್ಯಾಗ ಆಗಲೇ ಓಡಾಡಾಕತ್ತೈತ್ರೀ ಸರ್. ಮಾತು ಎಲ್ಲೂ ಇಲ್ಲ. ನಾವು ಹಾಕದಿದ್ರ ಫೋಟೊನೇ ಖರೇ ಆಗ್ತದ.”

“ನಮ್ಮವರು ಗ್ರಹಿಸ್ತಾರೆ,” ಎಂದು ಅವರು ಆ ಪ್ಯಾರಾ ಹೊಡೆದುಹಾಕಿದರು.

ನಮ್ಮವರು ಗ್ರಹಿಸಿದರೋ ಇಲ್ಲವೋ, ಫೋಟೊ ನಮ್ಮವರಲ್ಲದವರ ಕೈಗೂ ಹೋಯಿತು. ಜುಲೈನ ಸಭೆಯಲ್ಲಿ ಸಮಿತಿಯ ಅಧ್ಯಕ್ಷರು ಅದನ್ನು ತಮ್ಮ ಫೋನಿನಲ್ಲಿ ತೋರಿಸಿ, ಸ್ಥಾವರದ ಎಂಜಿನಿಯರ್ ಇವರಿಗೆ ಶಾಲು ಹೊದಿಸಿದ್ದು ಹೌದೇ ಎಂದು ಕೇಳಿದರಂತೆ. ಇದನ್ನು ವಿಮಲಕ್ಕನೇ ಆಮೇಲೆ ಹೇಳಿದರು. ಆಗ ಅವರಿಗೆ ಬಾಯಿ ಬಂದಿತ್ತು, ಏಕೆಂದರೆ ಅವರು ಸಮಿತಿಯಲ್ಲಿರಲಿಲ್ಲ.

“ವಾಪಸು ಕೊಟ್ಟೆ ಅಂತ ಹೇಳಿದೆ. ಸಾಕ್ಷಿ ಎಲ್ಲಿ ಅಂತ ಬಾಯಿಬಿಟ್ಟು ಯಾರೂ ಕೇಳ್ಲಿಲ್ಲ. ಮುಖದಲ್ಲಿ ಕೇಳಿದ್ರು. ನಿಮ್ಮ ಪೇಪರ್ ತೆಗೆದು ನೋಡಿದ್ರೆ ಅದರಲ್ಲಿ ಊಟದ ವಿಷಯ ಇತ್ತು.”

ಹೊಡೆದುಹಾಕಿದ ಪ್ಯಾರಾದ ವಿಷಯ ಹೇಳಿದೆ.

“ನಾನು ಕೂತ್ರೆ ನಾನು ಕೇಳಿದ ಪ್ರಶ್ನೆಗೆ ಬೆಲೆ ಇರುದಿಲ್ಲ ಅಂತ ಗೊತ್ತಾಯ್ತು. ‘ಪ್ರಶ್ನೆ ಇಟ್ಕೊಳ್ಳಿ, ನನ್ನನ್ನು ಬಿಡಿ’ ಅಂದೆ. ಪುಣ್ಯಕ್ಕೆ ಇಟ್ಕೊಂಡ್ರು. ಈ ಮಳೆಯಲ್ಲೇ ತಳದ ನೀರು ಅಳೆದು ತರಬೇಕು ಅಂತ ಸ್ಥಾವರದವರಿಗೆ ಹೇಳಿದ್ದಾರೆ. ಸಂಶೋಧನಾ ಸಂಸ್ಥೆಯ ಇಬ್ಬರು ಹುಡುಗರು ಜೊತೆಗೆ ಹೋಗ್ತಾರೆ.”

“ಅಳೆಯೂ ಜವಾಬ್ದಾರಿ ಯಾರಿಗ್ರೀ ಅಕ್ಕಾ?”

“ದೇಸಾಯಿಯವರಿಗೆ,” ಎಂದು ಅವರು ಕಿಟಕಿಯ ಹೊರಗೆ ನೋಡಿದರು. “ಇನ್ನು ಅವರ ಕೈ.”

ಆಗಸ್ಟಿನಲ್ಲಿ ವಾರವಿಡೀ ಮಳೆ ಹಿಡಿಯಿತು. ಲೋಕಲ್‌ಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಅಳತೆಯ ದಿನ ಎರಡು ಸಲ ಮುಂದಕ್ಕೆ ಹೋಯಿತು. ಸಮಿತಿಯ ಸಭೆ ಹತ್ತಿರ ಬಂದಿತ್ತು. ಕೊನೆಗೆ ಒಂದು ಬೆಳಗ್ಗೆ ಮಳೆ ತೆಳುವಾಯಿತು ಎಂದು ತಿಳಿದು ನಾನು ಖಾಡಿಯ ಜೆಟ್ಟಿಗೆ ಹೋಗಿ ನಿಂತೆ. ಅದು ಊರಿನ ಜೆಟ್ಟಿ, ಸ್ಥಾವರದ ಬೇಲಿಯ ಹೊರಗಿನದು. ಯಂತ್ರದ ದೋಣಿಗಳು ಇನ್ನೂ ನೀರಿಗೆ ಇಳಿಯದಿದ್ದುದರಿಂದ ಹುಟ್ಟು ಹಾಕುವ ದೋಣಿಯೇ ಬೇಕಾಗಿತ್ತು. ಸಿಕ್ಕಿದ್ದು ಸುಮನ್ ಮಾವ್ಶಿಯ ಗಂಡನದು. ಅವಳು ಜೆಟ್ಟಿಯ ಮೇಲೆ ಸೆರಗು ತಲೆಗೆ ಹೊದ್ದು ನಿಂತಿದ್ದಳು.

“ಮನೆಯಲ್ಲಿ ಎರಡು ದಿನದಿಂದ ಅಡಿಗೆ ಮಾಡಿಲ್ಲ ನಾನು,” ಎಂದಳು. “ನಮ್ಮ ಅನ್ನದ ಮೇಲೆ ಕಲ್ಲು ಹಾಕಲಿಕ್ಕೆ ನಮ್ಮದೇ ದೋಣಿ.”

ದೋಣಿ ಖಾಡಿಯ ಬಾಯಿಗೆ ಹೋಗಿ ನಿಂತಿತು. ನಿಂತಿತು ಎನ್ನುವುದೂ ತಪ್ಪು, ಹೊಳೆಯ ಕೆಂಪುನೀರು ಅದನ್ನು ಕಡಲಿನತ್ತ ದೂಡುತ್ತಿತ್ತು. ಅವಳ ಗಂಡ ಹುಟ್ಟಿಗೆ ಮೈಯೆಲ್ಲ ಕೊಟ್ಟು ಅದನ್ನು ಅಲ್ಲೇ ಹಿಡಿದಿದ್ದ. ಸಂಸ್ಥೆಯ ಇಬ್ಬರೂ ಹಗ್ಗದ ತುದಿಯ ಉಷ್ಣಮಾಪಕವನ್ನು ಇಳಿಸಿದರು, ಎತ್ತಿದರು, ಮತ್ತೆ ಇಳಿಸಿದರು. ದೇಸಾಯಿ ರೇನ್‌ಕೋಟಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ನೀರಿನ ಮೇಲೆ ಮಾತು ಚೆನ್ನಾಗಿ ಕೇಳುತ್ತದೆ. ಒಬ್ಬ ಹಿಂದಿಯಲ್ಲಿ ಕೂಗಿ ಹೇಳಿದ್ದು ನಮಗೂ ಕೇಳಿಸಿತು.

“ಸರ್, ಮೇಲೂ ಕೆಳಗೂ ಒಂದೇ. ಫರಕ್ ಇಲ್ಲ.”

ಮಾವ್ಶಿ ಕೈ ಜೋಡಿಸಿದಳು. ದೋಣಿ ದಡದ ಕಡೆ ತಿರುಗಿತು. ನನ್ನ ಮನಸ್ಸಿನಲ್ಲಿ ವರದಿಯ ಮೊದಲ ಸಾಲು ಸಿದ್ಧವಾಗಿತ್ತು: ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಿಲ್ಲ. ಪಂಪು ಬರುತ್ತದೆ, ಚಿಪ್ಪಿಗೆ ಭಯವಿಲ್ಲ, ವಿಮಲಕ್ಕ ಒಂದು ಲೋಟದ ನೀರನ್ನು ನಂಬಿ ಕುರ್ಚಿ ಕಳೆದುಕೊಂಡರು.

ಅರ್ಧ ದಾರಿಯಲ್ಲಿ ದೇಸಾಯಿ ಕೈ ಎತ್ತಿದರು. ಹಗ್ಗವನ್ನು ತೋರಿಸಿ ಏನೋ ಹೇಳಿದರು. ಆಗ ಗಮನಿಸಿದೆ, ಹಗ್ಗ ನೇರವಾಗಿ ಇಳಿದಿರಲಿಲ್ಲ. ಸೆಳೆತಕ್ಕೆ ಓರೆಯಾಗಿ ದೋಣಿಯ ಹಿಂದೆ ಬಾಲದಂತೆ ತೇಲಿತ್ತು. ಮಾಪಕ ತಳವನ್ನು ಮುಟ್ಟಿಯೇ ಇರಲಿಲ್ಲ, ಎರಡು ಸಲವೂ ಅಳೆದದ್ದು ಮೇಲಿನ ನೀರನ್ನೇ.

“ವಾಪಸ್ ಲೋ,” ಎಂದರು ದೇಸಾಯಿ.

ದೋಣಿಯವನು ಮುಗಿಲು ತೋರಿಸಿದ. ಸಂಸ್ಥೆಯವನೊಬ್ಬ, ಸರ್, ಬರೆದುಕೊಂಡಾಯಿತು ಎಂದ. ದೇಸಾಯಿ ದೋಣಿಯ ಲಂಗರಿನ ಕಲ್ಲನ್ನು ತಾವೇ ಎಳೆದು ಹಗ್ಗದ ತುದಿಗೆ ಕಟ್ಟತೊಡಗಿದರು. ಮಾವ್ಶಿ ಜೆಟ್ಟಿಯ ಅಂಚಿಗೆ ಬಂದು ಗಂಡನ ಹೆಸರು ಹಿಡಿದು ಕೂಗಿದಳು. ಅವನು ಇತ್ತ ನೋಡಲಿಲ್ಲ. ಮತ್ತೆ ಖಾಡಿಯ ಬಾಯಿಗೆ ಹೋದರು. ಅಲೆ ಎರಡು ಸಲ ದೋಣಿಯೊಳಗೆ ಬಿತ್ತು, ಒಬ್ಬ ನೀರು ಮೊಗೆದು ಚೆಲ್ಲುತ್ತಲೇ ಇದ್ದ. ಈ ಸಲ ಹಗ್ಗ ಗೋಡೆ ಕಟ್ಟುವವರ ತೂಗುಗುಂಡಿನಂತೆ ನೆಟ್ಟಗೆ ಇಳಿಯಿತು. ಅಂಕಿಯನ್ನು ಯಾರೂ ಕೂಗಲಿಲ್ಲ. ದೇಸಾಯಿ ಜಾಗ ಬದಲಿಸಿ ಇನ್ನೊಮ್ಮೆ ಇಳಿಸಿದರು, ಆಮೇಲೆ ಮತ್ತೊಮ್ಮೆ.

ದಡಕ್ಕೆ ಬಂದಾಗ ಅವರ ತುಟಿ ಚಳಿಗೆ ನಡುಗುತ್ತಿತ್ತು.

“ತಳದ ನೀರು ಬಿಸಿ ಅದ,” ಎಂದರು. “ಹಳೇ ಪಂಪಿಗೇ ಇಷ್ಟು. ಹೊಸಾವು ಬಂದ್ರ ಇನ್ನೂ ಒಳಗ ಬರ್ತದ.” ಒದ್ದೆ ಹಗ್ಗ ಸುತ್ತಿಡುತ್ತ, “ಕಮಿಟಿ ಮುಂದ ಹೋಗೂತನಾ ಬರೀಬ್ಯಾಡ್ರಿ.”

“ಇಲ್ರೀ.”

“ಅವರಿಗೆ ಹೇಳ್ರಿ. ಶಾಲು ವಾಪಸ್ ಕೊಟ್ಟವರಿಗೆ.”

ಸೆಪ್ಟೆಂಬರಿನಲ್ಲಿ ಸಮಿತಿ ಪಂಪು ಬದಲಿಸಲು ಒಪ್ಪಿಗೆ ಕೊಟ್ಟಿತು, ಒಂದು ಷರತ್ತಿನ ಮೇಲೆ. ಬಿಸಿನೀರಿನ ಕಾಲುವೆಯ ಬಾಯಿಯನ್ನು ಮೊದಲು ಖಾಡಿಯಿಂದ ದೂರ, ತೆರೆದ ಕಡಲಿಗೆ ತಿರುಗಿಸಬೇಕು. ಅದು ಮುಗಿದ ಮೇಲೆಯೇ ಹೊಸ ಪಂಪು ತಿರುಗಬೇಕು. ಅಲ್ಲಿಯವರೆಗೆ ಹಳೆಯ ಪಂಪುಗಳಿಗೆ ತೇಪೆ ಹಾಕುತ್ತ ಕೂರುವ ಕೆಲಸ ದೇಸಾಯಿಯವರಿಗೆ. ನಾನು ವರದಿ ಬರೆದೆ. ವಿಕಿರಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ಎರಡನೆಯ ವಾಕ್ಯದಲ್ಲೇ ಇಟ್ಟೆ. ಹೆಬ್ಬಾರರು ಒಂದಕ್ಷರವನ್ನೂ ಮುಟ್ಟದೆ ಒಳಪುಟದಲ್ಲಿ ಹಾಕಿದರು.

ಎರಡು ದಿನದ ಮೇಲೆ ಒಂದು ಟಿವಿ ವಾಹಿನಿ ಅದನ್ನೆತ್ತಿಕೊಂಡಿತು. ಪರದೆಯ ಮೇಲೆ ಸ್ಥಾವರದ ಗುಮ್ಮಟ, ಅದರ ಪಕ್ಕ ಒಂದು ಬುಟ್ಟಿ ಚಿಪ್ಪು, ನಡುವೆ ಕೆಂಪಕ್ಷರದ ಪ್ರಶ್ನಾರ್ಥಕ ಚಿಹ್ನೆ. ಮಾತಿನಲ್ಲಿ ಸುಳ್ಳು ಇರಲಿಲ್ಲ. ಚಿತ್ರವೇ ಸಾಕಾಗಿತ್ತು. ಖಾಡಿಯ ಹೆಸರು ಮೂರು ದಿನ ಎಲ್ಲರ ಬಾಯಲ್ಲಿತ್ತು. ಆ ವಾರ ಅಂಧೇರಿ ಮಾರ್ಕೆಟ್ಟಿನಲ್ಲಿ ಸುಮನ್ ಮಾವ್ಶಿಯ ಜಾಗ ಖಾಲಿಯಿತ್ತು. ಅದರ ಮುಂದಿನ ವಾರವೂ. ಪಕ್ಕದ ಮೀನಿನವಳನ್ನು ಕೇಳಿದರೆ, “ಬಂದು ಏನು ಮಾಡ್ತಾಳೆ?” ಎಂದಳು.

ನವರಾತ್ರಿ ಕಳೆದ ಒಂದು ಬೆಳಗ್ಗೆ ವಿಮಲಕ್ಕ ಯಾವುದೋ ಕೆಲಸಕ್ಕೆ ಅಂಧೇರಿಗೆ ಬಂದವರು ನನ್ನನ್ನು ಕರೆದುಕೊಂಡು ಮಾರ್ಕೆಟ್ಟಿಗೆ ಹೊರಟರು. ಮಳೆ ನಿಂತು ದೋಣಿಗಳು ಕಡಲಿಗಿಳಿದಿದ್ದವು, ಬಂಗುಡೆ ರಾಶಿ ಬಿದ್ದಿತ್ತು. ಅವರಿಗೆ ಬೇಕಾಗಿದ್ದದ್ದು ಮರುವಾಯಿ. ಸಾಲಿನ ಕೊನೆಯಲ್ಲಿ ಸುಮನ್ ಮಾವ್ಶಿ ಕೂತಿದ್ದಳು, ಮುಂದೆ ಚಿಪ್ಪಿನ ಸಣ್ಣ ಸಣ್ಣ ವಾಟಾಗಳು. ವಾಟಾ ಎಂದರೆ ಒಂದು ಪಾಲಿನ ಗುಡ್ಡೆ. ನನ್ನನ್ನು ನೋಡಿದಳು, ಗುರುತು ತೋರಿಸಲಿಲ್ಲ. ವಿಮಲಕ್ಕನನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಖಾಡಿಗಾಗಿ ಕುರ್ಚಿ ಬಿಟ್ಟವರು ಅವಳ ಬುಟ್ಟಿಯ ಮುಂದೆ ಬಗ್ಗಿ, ಒಂದು ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದು ಮರಾಠಿಯಲ್ಲಿ ಕೇಳಿದರು.

“ಎಲ್ಲಿಯದು ಮಾವ್ಶಿ?”

“ಅಲಿಬಾಗ್,” ಎಂದಳು ಮಾವ್ಶಿ. ಅದು ಖಾಡಿಯಿಂದ ಬಹು ದೂರದ ಇನ್ನೊಂದು ಕಡಲೂರು. ಹೇಳುವಾಗ ಅವಳ ಕಣ್ಣು ನನ್ನ ಮುಖದ ಮೇಲಿತ್ತು.

ಸುತ್ತ ಇನ್ನೂ ಇಬ್ಬರು ಗಿರಾಕಿಗಳು ಬಗ್ಗಿ ನಿಂತಿದ್ದರು. ವಿಮಲಕ್ಕ ಎರಡು ವಾಟಾ ತೆಗೆದುಕೊಂಡರು. ಉಳಿದವರೂ ಚೀಲ ಬಿಚ್ಚಿದರು. ಗಲಾಟೆಯಿಂದ ಹೊರಗೆ ಬಂದು ಆಟೊ ಹುಡುಕುವಾಗ ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

“ಅಲಿಬಾಗಿಂದು ಇಷ್ಟು ಸಣ್ಣ ಇರ್ತದಾ ರಿಯಾಜ್? ನಿಮಗೆ ಆ ಹೆಂಗಸಿನ ಗುರುತು ಉಂಟಾ?”

ವರದಿಯಲ್ಲಿ ಒಂದು ಊರಿನ ಹೆಸರು ತಪ್ಪಿದರೂ ಮರುದಿನ ತಿದ್ದುಪಡಿ ಹಾಕಿಸುತ್ತಿದ್ದವನು ನಾನು.

“ಗುರುತು ಐತ್ರೀ ಅಕ್ಕಾ,” ಎಂದೆ. “ಅಲಿಬಾಗದಾಕಿ.”